ಮಣ್ಣಿನ ಋಣ, ವಿದ್ಯೆಯ ವೇತನ

ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಹೊರಬೀಳುವ ದಿನಗಳಲ್ಲಿ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ನಡೆಯುವ ಚರ್ಚೆಯು ಬಹುಮಟ್ಟಿಗೆ ಒಂದೇ ತೆರನಾದುದು. ಮಗನೋ ಮಗಳೋ ವೈದ್ಯರಾಗಬೇಕು. ಅದು ಸಾಧ್ಯವಾಗದಿದ್ದರೆ ಕಂಪ್ಯೂಟರ್ ಎಂಜಿನಿಯರಿಂಗ್. ಅದೂ ದೊರೆಯದಿದ್ದರೆ ವಾಣಿಜ್ಯ. ಈ ಪಟ್ಟಿಯಲ್ಲಿ ಭೂವಿಜ್ಞಾನ, ಗಣಿ ಎಂಜಿನಿಯರಿಂಗ್ ಎಂಬ ಹೆಸರುಗಳು ಕಾಣಿಸಿಕೊಳ್ಳುವುದೇ ಅಪರೂಪ. ಅಕಸ್ಮಾತ್ತಾಗಿ ಹುಡುಗನೇ ಬಾಯಿಬಿಟ್ಟು ಕೇಳಿದನೆನ್ನಿ. "ಕಲ್ಲು ಕುಟ್ಟುವುದಕ್ಕೆ ಕಾಲೇಜು ಏಕಪ್ಪಾ?" ಎಂದು ಅಜ್ಜಿಯೂ, "ಸುರಂಗಕ್ಕೆ ಇಳಿಯುವ ಕೆಲಸ ನಮಗೆ ಬೇಡ" ಎಂದು ತಾಯಿಯೂ, "ಅಷ್ಟು ವರ್ಷ ಓದಿಸುವುದಕ್ಕೆ ಹಣವೆಲ್ಲಿದೆ?" ಎಂದು ತಂದೆಯೂ ಒಂದೊಂದು ಮಾತು ಆಡಿ ಆ ಆಸೆಯನ್ನು ಅಲ್ಲಿಗೇ ಮುಗಿಸಿಬಿಡುವರು.

ಈ ಮೂರು ಮಾತುಗಳಲ್ಲಿಯೂ ಹುರುಳಿಲ್ಲವೆಂದು ಹೇಳಲಾಗದು. ಆದರೆ ಮೂರಕ್ಕೂ ಉತ್ತರವುಂಟು.

ಅಜ್ಜಿಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳೋಣ. 1855ರಲ್ಲಿ ಬಂಗಾಳದ ಒಂದು ಹಳ್ಳಿಯಲ್ಲಿ ಪ್ರಮಥನಾಥ ಬೋಸ್ ಎಂಬುವರು ಜನಿಸಿದರು. 1874ರಲ್ಲಿ ಅವರಿಗೆ ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನ ದೊರೆಯಿತು. ಅದರ ಬಲದಿಂದ ಅವರು ಕಡಲು ದಾಟಿ ಲಂಡನ್ನಿಗೆ ಹೋಗಿ, ವಿಜ್ಞಾನವನ್ನು ಓದಿ, ಅಲ್ಲಿನ ರಾಯಲ್ ಸ್ಕೂಲ್ ಆಫ್ ಮೈನ್ಸ್‌ನಲ್ಲಿ ಶಿಕ್ಷಣವನ್ನು ಪೂರೈಸಿದರು. 1880ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯನ್ನು ಸೇರಿ, ಕಾಡುಮೇಡುಗಳನ್ನು ಅಲೆದು ಇಂದಿನ ಛತ್ತೀಸಗಢದ ಧಲ್ಲಿ ಮತ್ತು ರಾಜಹರಾ ಬೆಟ್ಟಗಳ ಕಬ್ಬಿಣದ ಅದಿರನ್ನು ಗುರುತಿಸಿದರು. 1903ರಲ್ಲಿ, ಸೇವೆಯಲ್ಲಿ ತಮಗಿಂತ ಕಿರಿಯನಾದ ಆಂಗ್ಲ ಅಧಿಕಾರಿಯನ್ನು ಸಂಸ್ಥೆಯ ಮುಖ್ಯಸ್ಥನನ್ನಾಗಿ ನೇಮಿಸಿದಾಗ, ಬೋಸರು ಆ ಕೆಲಸವನ್ನು ಬಿಟ್ಟು ಹೊರಬಂದರು.

ಕೆಲಸ ಬಿಟ್ಟರೂ ಕಲಿತ ವಿದ್ಯೆ ಕೈಬಿಡಲಿಲ್ಲ. ಒರಿಸ್ಸಾದ ಮಯೂರಭಂಜ್ ಸಂಸ್ಥಾನದ ಸೇವೆಗೆ ಸೇರಿದ ಅವರು ಗೋರುಮಹಿಸಾನಿ ಎಂಬಲ್ಲಿ ಉತ್ತಮವಾದ ಕಬ್ಬಿಣದ ಅದಿರನ್ನು ಕಂಡುಹಿಡಿದು, 1904ರ ಫೆಬ್ರವರಿ 24ರಂದು ಜಮಶೇಟಜಿ ಟಾಟಾ ಅವರಿಗೆ ಆ ವಿಷಯವನ್ನು ತಿಳಿಸಿ ಪತ್ರ ಬರೆದರು. ಅದೇ ವರ್ಷದ ಮೇ ತಿಂಗಳಿನಲ್ಲಿ ಟಾಟಾ ಅವರು ತೀರಿಕೊಂಡರೂ, ಅವರ ಮಕ್ಕಳು ಕಾರ್ಯವನ್ನು ಕೈಬಿಡಲಿಲ್ಲ. 1907ರಲ್ಲಿ ಕಂಪೆನಿ ಸ್ಥಾಪನೆಯಾಯಿತು. 1912ರಲ್ಲಿ ಉಕ್ಕು ಹೊರಬಂದಿತು. ಸಾಕ್ಚಿ ಎಂಬ ಹಳ್ಳಿಯು ಜಮಶೇಡ್‌ಪುರವಾಗಿ ಬೆಳೆಯಿತು. ಮುಂದೆ 1959ರಲ್ಲಿ ಭಿಲಾಯಿಯ ಊದುಕುಲುಮೆ ಹೊತ್ತಿಕೊಂಡಾಗ, ಅದಕ್ಕೆ ಅದಿರನ್ನು ಒದಗಿಸಿದ್ದು ಬೋಸರು ಗುರುತಿಸಿದ್ದ ಧಲ್ಲಿ-ರಾಜಹರಾ ಬೆಟ್ಟಗಳೇ. ಹಳ್ಳಿಯ ಹುಡುಗನೊಬ್ಬನಿಗೆ ದೊರೆತ ಒಂದು ವಿದ್ಯಾರ್ಥಿವೇತನವು ದೇಶಕ್ಕೆ ಏನನ್ನು ತಂದುಕೊಟ್ಟಿತೆಂಬುದನ್ನು ಅಜ್ಜಿಯರು ಇಲ್ಲಿ ಗಮನಿಸಬಹುದು. ಕಲ್ಲನ್ನು ಯಾರು ಬೇಕಾದರೂ ಕುಟ್ಟಬಹುದು. ಯಾವ ಕಲ್ಲನ್ನು, ಎಲ್ಲಿ, ಎಷ್ಟು ಆಳದವರೆಗೆ ಎಂದು ಹೇಳುವುದಕ್ಕೆ ಕಾಲೇಜು ಬೇಕು.

ನಮ್ಮ ನಾಡಿಗೂ ಈ ವಿದ್ಯೆ ಹೊಸದಲ್ಲ. ಮೈಸೂರು ಸಂಸ್ಥಾನವು 1894ರಷ್ಟು ಹಿಂದೆಯೇ ಭೂವಿಜ್ಞಾನ ಇಲಾಖೆಯನ್ನು ತೆರೆದಿತ್ತು. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ ಕರಗಿದ್ದು ಕೆಮ್ಮಣ್ಣುಗುಂಡಿಯ ಅದಿರಿನಿಂದ. ಬೆಂಗಳೂರಿನಲ್ಲಿ ಓದಿ 1937ರಲ್ಲಿ ಆ ಇಲಾಖೆಯನ್ನು ಸೇರಿದ ಬಿ.ಪಿ. ರಾಧಾಕೃಷ್ಣ ಅವರು, 1958ರಲ್ಲಿ ಸ್ಥಾಪನೆಯಾದ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿ ಬೆಳೆಸಿದವರಲ್ಲಿ ಪ್ರಮುಖರು. ಭೂವಿಜ್ಞಾನಿಯ ಕೆಲಸ ಚಿನ್ನ ಕಬ್ಬಿಣಗಳಿಗೆ ಮುಗಿಯುವುದೂ ಇಲ್ಲ. ಬರಗಾಲದಲ್ಲಿ ಬಾವಿ ಎಲ್ಲಿ ತೋಡಬೇಕು, ಅಣೆಕಟ್ಟಿನ ತಳಪಾಯವನ್ನು ಯಾವ ಬಂಡೆಯ ಮೇಲೆ ಇಡಬೇಕು, ಮಳೆಗಾಲದಲ್ಲಿ ಕೊಡಗಿನ ಯಾವ ಇಳಿಜಾರು ಕುಸಿದೀತು, ಇವೆಲ್ಲವೂ ಅವನಿಗೆ ಸೇರಿದ ಪ್ರಶ್ನೆಗಳೇ.

ಇನ್ನು ತಾಯಿಯ ಭಯ. ಇದು ಬುಡವಿಲ್ಲದ ಭಯವಲ್ಲ. ಕೋಲಾರದ ಚಿನ್ನದ ಗಣಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದವು. ಆ ಆಳದಲ್ಲಿ ಬಂಡೆ ಸಿಡಿದು ಪ್ರಾಣ ಕಳೆದುಕೊಂಡ ಕಾರ್ಮಿಕರು ಹಲವರು. ಆದರೆ ಒಂದು ಮಾತನ್ನು ತಾಯಂದಿರು ಮನಸ್ಸಿಗೆ ತಂದುಕೊಳ್ಳಬೇಕು. ಓದಿದವರು ದೂರ ಉಳಿದ ಮಾತ್ರಕ್ಕೆ ಗಣಿಯ ಅಪಾಯ ಕಡಿಮೆಯಾಗದು; ಅದನ್ನು ಬಲ್ಲವರು ಒಳಗೆ ಇದ್ದಾಗಲೇ ಕಡಿಮೆಯಾಗುವುದು. ಗಾಳಿಯ ಸಂಚಾರ, ಆಸರೆಯ ಕಂಬ, ಸಿಡಿಮದ್ದಿನ ಪ್ರಮಾಣ, ನೀರಿನ ಒತ್ತಡ, ಇವುಗಳಲ್ಲಿ ಪರಿಣತಿ ಪಡೆದು, ಸರ್ಕಾರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ ಮಾತ್ರ ಗಣಿಯ ವ್ಯವಸ್ಥಾಪಕನಾಗಲು ಅರ್ಹತಾಪತ್ರ ದೊರೆಯುವುದು. ನಿಮ್ಮ ಮಗನು ಅಲ್ಲಿ ಇಳಿದರೆ, ಬೇರೆ ತಾಯಂದಿರ ಮಕ್ಕಳನ್ನು ಕ್ಷೇಮವಾಗಿ ಮೇಲಕ್ಕೆ ತರುವ ಹೊಣೆಯನ್ನು ಹೊತ್ತು ಇಳಿಯುವನು.

ಮಗನೆಂದೇಕೆ, ಮಗಳೆಂದೂ ಹೇಳಬಹುದು. 1952ರ ಗಣಿ ಕಾಯಿದೆಯು ಹೆಂಗಸರು ನೆಲದೊಳಗಿನ ಗಣಿಗಳಲ್ಲಿ ದುಡಿಯುವುದನ್ನು ನಿಷೇಧಿಸಿತ್ತು. 2019ರಲ್ಲಿ ಕೇಂದ್ರ ಸರ್ಕಾರವು ತಾಂತ್ರಿಕ, ಮೇಲ್ವಿಚಾರಣೆ ಹಾಗೂ ಆಡಳಿತದ ಹುದ್ದೆಗಳಿಗೆ ಆ ಬಾಗಿಲನ್ನು ತೆರೆಯಿತು. 2021ರಲ್ಲಿ ಆಕಾಂಕ್ಷಾ ಕುಮಾರಿ ಎಂಬ ತರುಣಿಯು ಝಾರ್ಖಂಡದ ಚೂರಿ ಎಂಬಲ್ಲಿನ ಕಲ್ಲಿದ್ದಲ ಗಣಿಯಲ್ಲಿ ಎಂಜಿನಿಯರ್ ಆಗಿ ಕೆಲಸಕ್ಕೆ ಸೇರಿದಳು. ಹೆಣ್ಣುಮಕ್ಕಳಿಗೆ ಆ ಓದು ಒಗ್ಗದೆಂದು ಹೇಳುವ ಕಾಲವು ಕಳೆಯಿತು.

ಮೂರನೆಯದು ತಂದೆಯ ಮಾತು, ಎಲ್ಲಕ್ಕಿಂತ ಭಾರವಾದುದು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ವಾರಾನ್ನ ಉಂಡು, ಬೀದಿಯ ದೀಪದ ಕೆಳಗೆ ಕುಳಿತು ಓದಿದವರು. ವಾರಕ್ಕೊಂದು ದಿನ ಹುಡುಗನೊಬ್ಬನಿಗೆ ಅನ್ನವಿಕ್ಕಿದ ಗೃಹಿಣಿಯು ಅದನ್ನು ಭಿಕ್ಷೆಯೆಂದು ಎಣಿಸಲಿಲ್ಲ. ಉಂಡ ಹುಡುಗನೂ ಮುಂದೆ ದೊಡ್ಡವನಾದಾಗ ಅದನ್ನು ಮರೆಯಲಿಲ್ಲ. ಇಂದಿನ ವಿದ್ಯಾರ್ಥಿವೇತನವು ಅದೇ ಧರ್ಮದ ಇನ್ನೊಂದು ರೂಪ. ಅದಕ್ಕೆ ಅರ್ಜಿ ಹಾಕಲು ಸಂಕೋಚಪಡುವ ಕುಟುಂಬಗಳು ಈಗಲೂ ಇರುವುದು ವಿಷಾದದ ಸಂಗತಿ.

ಈ ಶಾಸ್ತ್ರಗಳನ್ನು ಓದುವವರಿಗೆ ಮಾರ್ಗಗಳು ಹಲವು. 2008ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ 'ಇನ್‌ಸ್ಪೈರ್' ಯೋಜನೆಯಲ್ಲಿ, ಮೂಲವಿಜ್ಞಾನಗಳನ್ನು ಓದುವ ಪ್ರತಿಭಾವಂತರಿಗೆ ವರ್ಷಕ್ಕೆ 80,000 ರೂಪಾಯಿಗಳವರೆಗೆ ದೊರೆಯುವುದು. ಭೂವಿಜ್ಞಾನವೂ ಆ ವಿಷಯಗಳಲ್ಲಿ ಸೇರಿದೆ. ತೈಲ ಮತ್ತು ನೈಸರ್ಗಿಕ ಅನಿಲ ನಿಗಮವು ಭೂವಿಜ್ಞಾನ, ಭೂಭೌತಶಾಸ್ತ್ರಗಳಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುವ ಬಡ ವಿದ್ಯಾರ್ಥಿಗಳಿಗೆ ವರ್ಷಕ್ಕೆ 48,000 ರೂಪಾಯಿ ಕೊಡುವ ಏರ್ಪಾಡನ್ನು ಮಾಡಿದೆ. 'ಗೇಟ್' ಪರೀಕ್ಷೆಯಲ್ಲಿ ಭೂವಿಜ್ಞಾನಕ್ಕೂ ಗಣಿ ಎಂಜಿನಿಯರಿಂಗಿಗೂ ಪ್ರತ್ಯೇಕ ಪ್ರಶ್ನೆಪತ್ರಿಕೆಗಳಿದ್ದು, ಅದರ ಮೂಲಕ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವೇತನವುಂಟು. ಓದಲು ಸ್ಥಳಗಳಿಗೂ ಕೊರತೆಯಿಲ್ಲ. 1926ರಲ್ಲಿ ಆರಂಭವಾಗಿ 2016ರಲ್ಲಿ ಐ.ಐ.ಟಿ. ಆದ ಧನಬಾದಿನ ಗಣಿಶಾಲೆ ದೂರವೆನಿಸಿದರೆ, ನಮ್ಮ ಸುರತ್ಕಲ್ಲಿನಲ್ಲಿಯೇ ಗಣಿ ಎಂಜಿನಿಯರಿಂಗ್ ವಿಭಾಗವಿದೆ.

ಇಲ್ಲಿ ತಂದೆಯರಿಗೆ ಎರಡು ಕಿವಿಮಾತುಗಳು. ಮೊದಲನೆಯದು, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಮಗುವಿನ ಹೆಸರಿನ ಬ್ಯಾಂಕ್ ಖಾತೆ, ಅಂಕಪಟ್ಟಿಯ ಪ್ರತಿಗಳು, ಇವನ್ನು ಫಲಿತಾಂಶಕ್ಕೆ ಮೊದಲೇ ಸಿದ್ಧಪಡಿಸಿಕೊಳ್ಳಿ. ಅಂಕ ಸಾಲದೆ ವೇತನ ತಪ್ಪಿಹೋದವರಂತೆಯೇ, ಕೊನೆಯ ದಿನಾಂಕ ಮೀರಿ ತಪ್ಪಿಸಿಕೊಂಡವರೂ ಇರುವರು. ಎರಡನೆಯದು, ವೇತನವು ಪ್ರತಿವರ್ಷವೂ ನವೀಕರಣವಾಗಬೇಕಾದರೆ ಎಷ್ಟು ಅಂಕ ಬೇಕು, ಓದಿದ ಬಳಿಕ ಸೇವೆಯ ಕರಾರು ಇದೆಯೇ ಎಂಬುದನ್ನು ಓದಿ ತಿಳಿದ ಮೇಲೆಯೇ ಸಹಿ ಹಾಕಿ.

ಇಷ್ಟು ಹೇಳಿದ ಮೇಲೆ ಒಂದು ದೊಡ್ಡ ಮಾತು ಉಳಿಯುತ್ತದೆ. ರೈತನ ಹೊಲವು ಈ ವರ್ಷ ಬೆಳೆ ಕೊಟ್ಟರೆ ಬರುವ ವರ್ಷವೂ ಕೊಟ್ಟೀತು. ಗಣಿಯು ಹಾಗಲ್ಲ, ಒಮ್ಮೆ ತೆಗೆದ ಅದಿರು ಮತ್ತೆ ಹುಟ್ಟದು. ಕೋಲಾರದ ಗಣಿಗಳಿಂದ ಸುಮಾರು 120 ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಹೊರಬಂದಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಚಿನ್ನವು ಎಲ್ಲಿಯೋ ಹೋಯಿತು. ಊರಿಗೆ ಉಳಿದದ್ದು ಸಯನೈಡ್ ಮಣ್ಣಿನ ದಿಬ್ಬಗಳು. ದುಡಿದವರ ಮಕ್ಕಳು ಕೆಲಸಕ್ಕಾಗಿ ನಿತ್ಯವೂ ರೈಲು ಹತ್ತಿ ಬೆಂಗಳೂರಿಗೆ ಓಡಾಡುವಂತಾಯಿತು. ಆ ಮಕ್ಕಳಲ್ಲಿ ಯಾರು ಚೆನ್ನಾಗಿ ಓದಿದ್ದರೋ ಅವರ ಪಾಲಿಗೆ ಮಾತ್ರ ಗಣಿಯ ಸಂಪತ್ತು ಸ್ವಲ್ಪವಾದರೂ ಉಳಿಯಿತೆನ್ನಬಹುದು.

ಈ ಪಾಠವನ್ನು ಬಳ್ಳಾರಿ, ಸಂಡೂರು, ಹಟ್ಟಿಗಳು ಈಗಲೇ ಕಲಿಯಬೇಕಾಗಿದೆ. 2015ರಲ್ಲಿ ಖನಿಜ ಕಾಯಿದೆಗೆ ತಂದ ತಿದ್ದುಪಡಿಯ ಮೂಲಕ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿಕೊಂಡವು. ಗಣಿಯವರು ಸರ್ಕಾರಕ್ಕೆ ಸಲ್ಲಿಸುವ ರಾಜಧನದ ಲೆಕ್ಕದಲ್ಲಿ, ಹಳೆಯ ಗುತ್ತಿಗೆಗಳಿಂದ ನೂರಕ್ಕೆ 30ರಷ್ಟು, ಹರಾಜಿನ ಗುತ್ತಿಗೆಗಳಿಂದ ನೂರಕ್ಕೆ 10ರಷ್ಟು ಹಣವು ಗಣಿಯಿಂದ ತೊಂದರೆಗೆ ಒಳಗಾದ ಜನರಿಗಾಗಿ ಪ್ರತ್ಯೇಕವಾಗಿ ಈ ನಿಧಿಗೆ ಬರಬೇಕು. ಕುಡಿಯುವ ನೀರು, ಆರೋಗ್ಯಗಳೊಡನೆ ಶಿಕ್ಷಣವೂ ಅದರ ಆದ್ಯತೆಯ ವಿಷಯ. ರಸ್ತೆ, ಕಟ್ಟಡಗಳು ಕಣ್ಣಿಗೆ ಕಾಣುವುವು, ಉದ್ಘಾಟನೆಗೂ ಅನುಕೂಲ. ಆದರೆ ಕೆಂಪು ಧೂಳನ್ನು ಕುಡಿದು ಬೆಳೆದ ಸಂಡೂರಿನ ಮಗುವೊಂದು, ಅದೇ ಅದಿರಿನ ಹಣದಿಂದ ಓದಿ, ಅದೇ ಬೆಟ್ಟವನ್ನು ಅಳೆಯುವ ಭೂವಿಜ್ಞಾನಿಯಾಗಿ ಮರಳಿದರೆ, ಅದಕ್ಕಿಂತ ನ್ಯಾಯವಾದ ವೆಚ್ಚ ಯಾವುದು? ಅದು ದಾನವಲ್ಲ, ಮಣ್ಣು ತನ್ನ ಮಕ್ಕಳಿಗೆ ಸಲ್ಲಿಸುವ ಬಾಕಿ.

ಹಾಗೆ ಓದಿದವರ ಮೇಲೆಯೂ ಒಂದು ಋಣವಿದೆ. ಬಳ್ಳಾರಿಯ ಬೆಟ್ಟಗಳನ್ನು ಎಲ್ಲೆ ಮೀರಿ ಅಗೆದದ್ದಕ್ಕಾಗಿ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಅಲ್ಲಿನ ಗಣಿಗಾರಿಕೆಯನ್ನು ತಡೆಯಬೇಕಾಯಿತು. ಗುತ್ತಿಗೆಯ ಗಡಿ ಎಲ್ಲಿಯದು, ತೆಗೆದ ಅದಿರು ಎಷ್ಟು, ಎಷ್ಟು ಅಗೆದರೆ ಊರಿನ ಹಳ್ಳ ಬತ್ತುವುದು, ಇವನ್ನು ಬರೆದು ಸಹಿ ಹಾಕುವವನು ಇದನ್ನು ಓದಿದವನೇ. ಊರ ಹಣದಲ್ಲಿ ಓದಿದವನು ಊರಿಗೆ ಸುಳ್ಳು ಲೆಕ್ಕ ಬರೆಯಬಾರದು. ವಿದ್ಯಾರ್ಥಿವೇತನವನ್ನು ತೀರಿಸುವ ಬಗೆ ಇದೊಂದೇ.

ಬರುವ ಭಾನುವಾರ ಬೆಂಗಳೂರಿನ ತಂದೆತಾಯಿಗಳು ಮಕ್ಕಳನ್ನು ಲಾಲ್‌ಬಾಗಿಗೆ ಕರೆದೊಯ್ಯಲಿ. ಹೂವಿನ ಮಡಿಗಳಾದ ಮೇಲೆ, ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಯನ್ನೂ ತೋರಿಸಲಿ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸರ್ಕಾರವು ಅದನ್ನು ಘೋಷಿಸಿದೆ. ಆ ವಯಸ್ಸನ್ನು ಹೇಗೆ ಲೆಕ್ಕಹಾಕಿದರೆಂದು ಮಗು ಕೇಳಿದರೆ, ಆ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಮನೆಗೆ ಬಂದು ಅರ್ಜಿಯ ಕೊನೆಯ ದಿನಾಂಕ ಯಾವುದೆಂದು ವಿಚಾರಿಸಿ.