ಕಾರಿನ ಸದ್ದೂ ಗ್ಯಾರೇಜಿನ ಬಿಲ್ಲೂ

ಮುಂಬಯಿಯ ಕನ್ನಡಿಗರಲ್ಲಿ ಕಾರೆಂಬುದು ಇಂದು ಸಾಹುಕಾರರ ಸೊತ್ತಾಗಿ ಉಳಿದಿಲ್ಲ. ಹೋಟೆಲಿನ ಗಲ್ಲಾದ ಮುಂದೆ ಕುಳಿತವರೂ, ಕಚೇರಿಯ ಕಡತಗಳಲ್ಲಿ ಕಣ್ಣು ಸವೆಸಿದವರೂ ಹಲವು ವರ್ಷಗಳ ಉಳಿತಾಯಕ್ಕೆ ಬ್ಯಾಂಕಿನ ಸಾಲವನ್ನು ಕೂಡಿಸಿ, ಬೇರೊಬ್ಬರು ಓಡಿಸಿ ಬಿಟ್ಟ ಕಾರೊಂದನ್ನು ಕೊಳ್ಳುತ್ತಿದ್ದಾರೆ. ಮಕ್ಕಳಿಗೆ ರಜೆ ಬಂದೊಡನೆ ಈ ವಾಹನವು ಇಡೀ ಸಂಸಾರವನ್ನು ಹೊತ್ತು ಊರಿನ ದಾರಿ ಹಿಡಿಯುತ್ತದೆ. ಖಂಡಾಳ, ಖಂಬಾಟಕಿಗಳ ಏರಿನಲ್ಲಿ ಆಕ್ಸಿಲರೇಟರನ್ನು ಒತ್ತಿದಾಗ ಎಲ್ಲಿಂದಲೋ ಒಂದು ಅಪರಿಚಿತ ಸದ್ದು ಕೇಳಿಬರುತ್ತದೆ.

ಆಗ ನಮ್ಮವರು ಮಾಡುವುದೇನು? ಕೆಲವರು ರೇಡಿಯೊದ ದನಿಯನ್ನು ಏರಿಸಿ ಮುಂದೆ ಸಾಗುತ್ತಾರೆ. ಇನ್ನು ಕೆಲವರು ಗ್ಯಾರೇಜಿಗೆ ಹೋಗಿ, "ಏನೋ ಸದ್ದು ಬರುತ್ತದೆ, ನೋಡಿಬಿಡಿ" ಎಂದು ಕೀಲಿಕೈಯನ್ನು ಒಪ್ಪಿಸಿ ಬರುತ್ತಾರೆ. ಮೊದಲನೆಯದು ಪ್ರಾಣಕ್ಕೆ ಅಪಾಯ, ಎರಡನೆಯದು ಜೇಬಿಗೆ ಅಪಾಯ. ಹೋಟೆಲಿಗೆ ಬಂದು "ತಿಂಡಿ ಏನಾದರೂ ತನ್ನಿ" ಎಂದ ಗಿರಾಕಿಯ ಮುಂದೆ ಅಂದು ಖರ್ಚಾಗದೆ ಮಿಕ್ಕ ತಿಂಡಿಯೇ ಬರುತ್ತದೆಂಬುದನ್ನು ನಮ್ಮ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ಗ್ಯಾರೇಜಿನ ನೀತಿಯೂ ಇದೇ. ತನ್ನ ಕಾರಿನ ಸದ್ದು ಯಾವಾಗ, ಎಲ್ಲಿ, ಹೇಗೆ ಬರುತ್ತದೆಂದು ಹೇಳಬಲ್ಲವನಿಗೆ ಮಾತ್ರ ಸರಿಯಾದ ದುರಸ್ತಿ ದೊರೆಯುತ್ತದೆ.

ಇದಕ್ಕೆ ಯಂತ್ರಶಾಸ್ತ್ರದ ಪದವಿ ಬೇಕಿಲ್ಲ. ರುಬ್ಬುವ ಯಂತ್ರದ ದನಿಯಿಂದಲೇ ಹಿಟ್ಟಿಗೆ ನೀರು ಸಾಲದೆಂದು ತಿಳಿಯುವ ಕಿವಿ ನಮ್ಮ ಅಡುಗೆಯವರಿಗೆ ಇದೆ. ಅದೇ ಕಿವಿ ಕಾರಿಗೂ ಸಾಕು.

ಮೊದಲು ನಿರ್ಧರಿಸಬೇಕಾದುದು ಒಂದೇ: ಸದ್ದು ಎಂಜಿನಿನದೊ, ಚಕ್ರಗಳದೊ? ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲಿನಲ್ಲಿಟ್ಟು ಆಕ್ಸಿಲರೇಟರನ್ನು ಮೆಲ್ಲನೆ ಒತ್ತಿ ನೋಡಿರಿ. ನಿಂತಲ್ಲಿಯೇ ಸದ್ದು ಬಂದರೆ ಅದು ಎಂಜಿನ್, ಬೆಲ್ಟು ಅಥವಾ ಹೊಗೆಕೊಳವೆಯ ಕಡೆಯದು. ಓಡುವಾಗ ಮಾತ್ರ ಬಂದು, ಗೇರು ಬದಲಿಸಿದರೂ ವ್ಯತ್ಯಾಸವಾಗದೆ, ಕಾರಿನ ವೇಗದೊಂದಿಗೇ ಏರಿಳಿದರೆ ಅದು ಚಕ್ರದ ಬೇರಿಂಗಿನದೊ ಟಯರಿನದೊ ಆಗಿರುವ ಸಂಭವ ಹೆಚ್ಚು. ನಿಂತಾಗ ಸುಮ್ಮನಿದ್ದು, ಭಾರ ಎಳೆಯುವಾಗ ಮಾತ್ರ ಕೇಳುವ ಸದ್ದುಗಳೂ ಉಂಟು. ಇವನ್ನು ಗುರುತಿಸಲು ಜತೆಗೊಬ್ಬರನ್ನು ಕುಳ್ಳಿರಿಸಿಕೊಂಡು, ವಾಹನ ಸಂಚಾರವಿಲ್ಲದ ರಸ್ತೆಯಲ್ಲಿ ಓಡಿಸಿ ನೋಡಬೇಕು.

ಘಾಟಿಯ ಏರಿನಲ್ಲಿ, ಡಬ್ಬಿಯೊಳಗೆ ಮೊಳೆ ಅಲುಗಿದಂತೆ "ಟಿಣ್ ಟಿಣ್" ಎನ್ನುವ ಸದ್ದು ಪೆಟ್ರೋಲು ಎಂಜಿನಿನ ಹಳೆಯ ಬೇನೆ. ಸಿಲಿಂಡರಿನೊಳಗಿನ ಪೆಟ್ರೋಲಿನ ಆವಿಯು ಕಿಡಿಯಿಂದ ಹೊತ್ತಿಕೊಂಡು ಕ್ರಮವಾಗಿ ಉರಿಯಬೇಕು. ಅದರ ಒಂದು ಭಾಗ ಶಾಖಕ್ಕೂ ಒತ್ತಡಕ್ಕೂ ತಾನಾಗಿ ಸಿಡಿದಾಗ ಈ ಸದ್ದು ಹುಟ್ಟುತ್ತದೆ. ಎರಡನೆಯ ಗೇರಿನಲ್ಲಿ ಏರಬೇಕಾದ ಏರನ್ನು ನಾಲ್ಕನೆಯದರಲ್ಲಿ ಏರಿಸಹೊರಟರೆ ಹೀಗಾಗುವುದುಂಟು. ಗೇರು ಇಳಿಸಿದೊಡನೆ ನಿಂತರೆ ಖರ್ಚಿಲ್ಲದೆ ಚಿಕಿತ್ಸೆಯಾಯಿತು. ನಿಲ್ಲದಿದ್ದರೆ ಪೆಟ್ರೋಲಿನ ದರ್ಜೆ, ಒಳಗೆ ಕಟ್ಟಿದ ಮಸಿ, ಎಂಜಿನಿನ ಅತಿಶಾಖ, ಕಿಡಿ ಹಾರುವ ಸಮಯ ಇವನ್ನು ಪರೀಕ್ಷಿಸಬೇಕು.

ಮಳೆಗಾಲದ ಬೆಳಗ್ಗೆ ಕೀರಲು ದನಿ ಕೇಳಿದರೆ ಬೆಲ್ಟು ಸಡಿಲವಾಗಿದೆ ಅಥವಾ ಸವೆದಿದೆ ಎಂದು ಶಂಕಿಸಬಹುದು. ಬೆಲ್ಟಿನ ಬೆಲೆ ಅಲ್ಪ. ಆದರೆ ಅದು ದಾರಿಯಲ್ಲಿ ಹರಿದರೆ ಬ್ಯಾಟರಿಗೆ ವಿದ್ಯುತ್ತಿಲ್ಲ, ಹಲವು ಕಾರುಗಳಲ್ಲಿ ಎಂಜಿನನ್ನು ತಣಿಸುವ ನೀರೂ ಹರಿಯದು. ತಗಡು ನಡುಗಿದಂತಹ ಸದ್ದು ಒಂದು ನಿರ್ದಿಷ್ಟ ವೇಗದಲ್ಲಷ್ಟೇ ಬರುತ್ತಿದ್ದರೆ, ಹೊಗೆಕೊಳವೆಯ ಮೇಲಿನ ಶಾಖತಡೆಯ ತಗಡು ಸಡಿಲಾಗಿರಬಹುದು. ಒಂದು ಪಟ್ಟಿ ಬಿಗಿದರೆ ತೀರಿತು.

ಮುಂಬಯಿಯ ಬೀದಿಗಳಿಂದ 2023ರ ಅಕ್ಟೋಬರಿನಲ್ಲಿ ನಿವೃತ್ತವಾದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳಲ್ಲಿ ಎಂಜಿನಿನ ಬಲವು ಉದ್ದನೆಯ ದಂಡದ ಮೂಲಕ ಹಿಂದಿನ ಚಕ್ರಗಳಿಗೆ ಹೋಗುತ್ತಿತ್ತು. ದಂಡದ ಕೀಲು ಸವೆದರೆ ಕಾರು ಹೊರಡುವಾಗ ಅಡಿಯಲ್ಲಿ "ಠಕ್" ಎನ್ನುವುದು. ಇಂದಿನ ಸಣ್ಣ ಕಾರುಗಳಲ್ಲಿ ಬಹುಪಾಲಿನವುಗಳನ್ನು ಎಳೆಯುವುವು ಮುಂದಿನ ಚಕ್ರಗಳು. ಆದುದರಿಂದ ಬೇನೆಯೂ ಮುಂದಕ್ಕೆ ಬಂದಿದೆ. ಸ್ಟಿಯರಿಂಗು ತಿರುಗಿಸಿ ವೇಗ ಹೆಚ್ಚಿಸುವಾಗ "ಕಟ ಕಟ" ಎಂದರೆ ಚಕ್ರದ ಬಳಿಯ ಕೀಲು ಸವೆದಿದೆ ಎನ್ನಬಹುದು. ಆ ಕೀಲಿನ ರಬ್ಬರು ಕವಚ ಹರಿದು, ಗ್ರೀಸು ಚೆಲ್ಲಿ, ಧೂಳು ನೀರು ಒಳಹೊಕ್ಕಿದ್ದರ ಫಲವಿದು. ಸದ್ದು ಹುಟ್ಟುವ ಮೊದಲೇ ಕವಚವನ್ನು ಬದಲಿಸಿದ್ದರೆ ಅಲ್ಪದರಲ್ಲಿ ಮುಗಿಯುತ್ತಿತ್ತು. ಸದ್ದು ಬಂದ ಮೇಲೆ ಕೀಲನ್ನೇ ಬದಲಿಸಬೇಕಾಗುತ್ತದೆ.

ಉಪೇಕ್ಷಿಸಲೇಬಾರದ ಸದ್ದುಗಳು ಎರಡು. ಎಂಜಿನಿನ ಅಡಿಯಿಂದ ಸುತ್ತಿಗೆ ಬಡಿದಂತೆ ಗಡುಸಾದ ಪೆಟ್ಟು ಕೇಳಿ, ಎಣ್ಣೆಯ ಕೆಂಪು ದೀಪವೂ ಹೊತ್ತಿಕೊಂಡರೆ ಒಡನೆ ಬದಿಗೆ ನಿಲ್ಲಿಸಿ ಎಂಜಿನನ್ನು ಆರಿಸಿರಿ. ಮುಂದೆ ಓಡಿಸಿದ ಒಂದೊಂದು ಮೈಲಿಯೂ ಎಂಜಿನಿನ ಆಯುಸ್ಸನ್ನು ತಿನ್ನುತ್ತದೆ. ಎರಡನೆಯದು, ವೇಗ ಹೆಚ್ಚಿಸಿದಾಗ ಮುಂಗಡೆಯಿಂದ ಬರುವ "ಪುಸ್ ಪುಸ್" ಸದ್ದು. ಹೊಗೆಕೊಳವೆ ಸೋರುತ್ತಿದ್ದರೆ ಇಂತಹ ಸದ್ದು ಬರುತ್ತದೆ. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಮುಚ್ಚಿ ಮಲಗಿಸಿದ ಮಕ್ಕಳಿಗೆ ಅದು ಪ್ರಾಣಾಂತಕ.

"ಈಗ ಎಲ್ಲ ಗ್ಯಾರೇಜುಗಳಲ್ಲಿಯೂ ಕಂಪ್ಯೂಟರು ಬಂದಿದೆಯಲ್ಲ, ಅದೇ ಹೇಳುತ್ತದೆ" ಎಂದು ವಾದಿಸುವವರಿದ್ದಾರೆ. ಆ ಯಂತ್ರದ ಉಪಯೋಗವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದು ಹೇಳುವುದು ಕಾರಿನೊಳಗಿನ ಸಂವೇದಕಗಳು ಬರೆದಿಟ್ಟ ಮಾತನ್ನು ಮಾತ್ರ. ಹರಿದ ರಬ್ಬರು ಕವಚವನ್ನೂ ಸಡಿಲಾದ ತಗಡನ್ನೂ ಅದು ಕಾಣದು. ಅವುಗಳಿಗೆ ಮನುಷ್ಯನ ಕಣ್ಣು, ಕಿವಿಗಳೇ ಬೇಕು.

ಹೀಗಿರುವಲ್ಲಿ ನಮ್ಮ ಸಲಹೆ ಇಷ್ಟೆ. ಸದ್ದು ಯಾವ ಗೇರಿನಲ್ಲಿ, ಎಷ್ಟು ವೇಗದಲ್ಲಿ, ಎಂಜಿನು ತಣ್ಣಗಿರುವಾಗಲೊ ಬಿಸಿಯಾದ ಮೇಲೊ, ನೇರ ಓಟದಲ್ಲೊ ತಿರುವಿನಲ್ಲೊ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ಮೆಕ್ಯಾನಿಕರನ್ನು ಜತೆಗೆ ಕರೆದೊಯ್ದು ಆ ಸದ್ದನ್ನು ಕೇಳಿಸಿರಿ. ಪರೀಕ್ಷೆಗೆ ಮುನ್ನವೇ ಬಿಡಿಭಾಗಗಳ ಪಟ್ಟಿ ಹೇಳುವವರಿಗೆ ಒಪ್ಪಿಗೆ ಕೊಡಬೇಡಿರಿ. ಖರ್ಚಿನ ಅಂದಾಜನ್ನು ಬರಹದಲ್ಲಿ ಪಡೆಯಿರಿ, ಬಿಚ್ಚಿದ ಹಳೆಯ ಭಾಗವನ್ನು ಕೇಳಿ ನೋಡಿರಿ.

ಅದರೊಡನೆ ಇನ್ನೊಂದು ಮಾತನ್ನೂ ನ್ಯಾಯವಾಗಿ ಹೇಳಬೇಕು. ಅರ್ಧ ಗಂಟೆ ಕಾರಿನಡಿ ಮಲಗಿ, ಕೊನೆಗೆ ಒಂದು ಬೋಲ್ಟು ಬಿಗಿದು "ಇಷ್ಟೇ" ಎನ್ನುವ ಮೆಕ್ಯಾನಿಕನಿಗೆ ನಮ್ಮವರು ಚಹದ ಕಾಸು ಕೊಟ್ಟು ಹೊರಡುತ್ತಾರೆ. ಬೇಡದ ಭಾಗಗಳನ್ನು ಬದಲಿಸಿದವನಿಗೆ ಸಾವಿರಗಟ್ಟಲೆ ಎಣಿಸುತ್ತಾರೆ. ದೋಷವನ್ನು ಕಂಡುಹಿಡಿಯುವ ಶ್ರಮಕ್ಕೆ ಕೂಲಿಯಿಲ್ಲವಾದರೆ, ಬಿಡಿಭಾಗಗಳ ಬಿಲ್ಲಿನಲ್ಲಿ ಅದನ್ನು ತುಂಬಿಕೊಳ್ಳುವ ಚಾಳಿ ಬೆಳೆಯದೆ ಇದ್ದೀತೆ? ಪ್ರಾಮಾಣಿಕ ಕೈಕಸುಬಿಗೆ ತಕ್ಕ ಸಂಬಳ ಸಿಗಬೇಕೆಂದು ತಾವೇ ಬಯಸುವ ದುಡಿಯುವ ಜನ ಈ ಮಾತನ್ನು ಬೇಗ ಅರಿತಾರು.

ಊರಿಗೆ ಹೊರಡುವ ಹಿಂದಿನ ಭಾನುವಾರ ರೇಡಿಯೊ ನಿಲ್ಲಿಸಿ, ಕಿಟಕಿ ಇಳಿಸಿ, ಹತ್ತು ನಿಮಿಷ ಕಾರನ್ನು ಓಡಿಸಿ ಕಿವಿಗೊಡಿರಿ. ಘಾಟಿಯ ನಡುವೆ, ಕತ್ತಲಲ್ಲಿ, ಸಂಸಾರದೊಡನೆ ನಿಂತು ಕೇಳುವುದಕ್ಕಿಂತ ಮನೆಯ ಬಳಿಯಲ್ಲಿಯೇ ಅದನ್ನು ಕೇಳಿಕೊಳ್ಳುವುದು ಲೇಸು.