ಸ್ಯಾಂಟೊರಿನಿಗೂ ಮೊದಲು

ಪ್ಯಾರಮಟ್ಟಾದ ಕನ್ನಡ ಕುಟುಂಬಗಳಲ್ಲಿ ರಜೆಯ ಮಾತೆದ್ದರೆ ಸ್ಯಾಂಟೊರಿನಿಯ ಬಿಳಿ ಗೋಡೆ, ಮುಳುಗುವ ಸೂರ್ಯ. ಹೋಗಿಬರಲಿ, ತಪ್ಪೇನಿಲ್ಲ. ಆದರೆ ಊರಿನ ನದಿಯೇ ಲೇನ್ ಕೋವ್ ನದಿಯನ್ನು ಕೂಡುವಲ್ಲಿ ಕಾಕಟೂ ದ್ವೀಪವಿದೆ; ಮೂಲನಿವಾಸಿಗಳ ವಾರೆಯಾಮಾ. ಪ್ರವೇಶಶುಲ್ಕವಿಲ್ಲ, ರಾತ್ರಿ ಗುಡಾರದಲ್ಲಿ ತಂಗಲೂಬಹುದು.

ಅಲ್ಲಿ ನೋಡಲೇಬೇಕಾದದ್ದು ಮರಳುಗಲ್ಲಿನಲ್ಲಿ ಕೊರೆದ, ಸೀಸೆಯಾಕಾರದ ಧಾನ್ಯದ ಗುಳಿಗಳು. ಬಯಲುಸೀಮೆಯವರು ಕಂಡೊಡನೆ ‘ಹಗೇವು’ ಎಂದಾರು. 1839ರಲ್ಲಿ ದ್ವೀಪಕ್ಕೆ ತಂದ ಕೈದಿಗಳು ಕೈಯಿಂದಲೇ ಅಗೆದವು ಅವು. ಬರಗಾಲದ ಭಯದಿಂದ ಗವರ್ನರ್ ಗಿಪ್ಸ್ ಕೂಡಿಡಿಸಿದ. ಸರ್ಕಾರ ಧಾನ್ಯ ಕೂಡಿಡುವುದು ಮುಕ್ತ ಮಾರುಕಟ್ಟೆಗೆ ಅಡ್ಡಿಯೆಂದು ಲಂಡನ್ ನಿಲ್ಲಿಸಿತು. ಬಂಡೆ ಕಡಿದವರ ಬೆವರಿಗೆ ಯಾವ ಮಾರುಕಟ್ಟೆಯೂ ಬೆಲೆ ಕಟ್ಟಿರಲಿಲ್ಲ.

2010ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಈ ದ್ವೀಪವನ್ನು ಮಕ್ಕಳಿಗೆ ಮೊದಲು ತೋರಿಸಬೇಕು. ಆಮೇಲೆ ಸ್ಯಾಂಟೊರಿನಿಗೆ ಹೋದಾಗ, ಅಲ್ಲಿನ ಗೋಡೆಗಳಿಗೆ ಸುಣ್ಣ ಬಳಿಯುವವರು ಯಾರೆಂದು ಅವರು ಕೇಳಿಯಾರು.