ಬೂಷ್ಟನ್ನು ಬೈದು ಪ್ರಯೋಜನವೇನು?

2021ರ ಮೇ ತಿಂಗಳನ್ನು ನಾಗಪುರದಲ್ಲಿರುವ ನಾವು ಯಾರೂ ಮರೆತಿರಲಾರೆವು. ಕೋವಿಡ್‌ನಿಂದ ಪಾರಾಗಿ ಮನೆಗೆ ಬಂದವರು ಮತ್ತೆ ಆಸ್ಪತ್ರೆ ಸೇರಿದರು. ಕೆಲವರು ಒಂದು ಕಣ್ಣನ್ನು, ಕೆಲವರು ಮೇಲ್ದವಡೆಯನ್ನು ಕಳೆದುಕೊಂಡು ಹಿಂತಿರುಗಿದರು. ಕೆಲವರು ಹಿಂತಿರುಗಲೇ ಇಲ್ಲ. ಆಂಫೊಟೆರಿಸಿನ್ ಚುಚ್ಚುಮದ್ದಿಗಾಗಿ ಮನೆಮಂದಿ ಅಂಗಡಿಯಿಂದ ಅಂಗಡಿಗೆ ಅಲೆದರು. ಅದರ ಹಂಚಿಕೆಯ ಪ್ರಶ್ನೆ ಮುಂಬಯಿ ಉಚ್ಚ ನ್ಯಾಯಾಲಯದ ನಾಗಪುರ ಪೀಠದ ಮುಂದೆಯೂ ಬಂದಿತು. ತಿಂಗಳ ಕೊನೆಗೆ ನೆರೆಯ ವರ್ಧಾದಲ್ಲೇ ಒಂದು ಕಾರ್ಖಾನೆ ಆ ಮದ್ದಿನ ತಯಾರಿಕೆಗೆ ಕೈಹಾಕಿತು.

ಆಗ ನಾವೆಲ್ಲ ಬೈದದ್ದು ಯಾರನ್ನು? ‘ಕಪ್ಪು ಶಿಲೀಂಧ್ರ’ವನ್ನು! ಈರುಳ್ಳಿಯ ಮೇಲಿನ ಕಪ್ಪನ್ನೂ ಫ್ರಿಜ್ಜಿನ ರಬ್ಬರಿನ ಕಪ್ಪನ್ನೂ ಕಂಡು ಹೆದರಿದೆವು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಬೂಷ್ಟು ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ, ಗಾಳಿಯಲ್ಲಿ ಎಂದಿನಿಂದಲೂ ಇದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಅದರ ಬಣ್ಣವೂ ಕಪ್ಪಲ್ಲ. ರಕ್ತನಾಳ ಕಟ್ಟಿಕೊಂಡು ಸತ್ತ ಮಾಂಸ ಕಪ್ಪಾಗುತ್ತದೆ, ಅಷ್ಟೆ. ಈ ರೋಗ ಭಾರತದಲ್ಲಿ ಜಗತ್ತಿನ ಉಳಿದೆಡೆಗಿಂತ ಸುಮಾರು 70 ಪಟ್ಟು ಹೆಚ್ಚೆಂದು ಕೋವಿಡ್‌ಗೆ ಮೊದಲೇ ತಜ್ಞರು ಅಂದಾಜು ಮಾಡಿದ್ದರು.

ಹಾಗಾದರೆ ಬಾಗಿಲು ತೆರೆದವರು ಯಾರು? ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಏರಿದಾಗ ದೇಹವನ್ನು ಕಾಯುವ ಬಿಳಿ ಕಣಗಳು ಮಂಕಾಗುತ್ತವೆ. ಸ್ಟೀರಾಯ್ಡ್ ಆ ಸಕ್ಕರೆಯನ್ನು ಇನ್ನಷ್ಟು ಏರಿಸುತ್ತದೆ. ಆಮ್ಲಜನಕ ಬೇಕಾದ ಕೋವಿಡ್ ರೋಗಿಗೆ ಅದು ಜೀವರಕ್ಷಕ, ಬೇಡದವರಿಗೆ ಲಾಭವಿಲ್ಲ ಎಂದು 2020ರಲ್ಲೇ ಬ್ರಿಟನ್ನಿನ ಪರೀಕ್ಷೆ ತೋರಿಸಿತ್ತು. ಆದರೂ ಊರಿನಿಂದ ಭಾವಮೈದುನ ಫೋನಿನಲ್ಲಿ ಓದಿ ಹೇಳಿದ ಚೀಟಿಯನ್ನೇ ನಂಬಿ ಮಾತ್ರೆ ನುಂಗಿದವರು ನಮ್ಮಲ್ಲಿ ಇಲ್ಲವೇ?

‘ಸರಕಾರದ ತಪ್ಪಿಲ್ಲವೇ?’ ಎಂದು ಕೇಳುವಿರಿ. ಇದೆ, ಮದ್ದು ಸಿಗದೆ ಹೋದದ್ದಕ್ಕೆ ಕ್ಷಮೆಯಿಲ್ಲ. ಆದರೆ ಮಗಳ ಮದುವೆ ಮಾತುಕತೆ ಮುಗಿಯುವವರೆಗೆ ಅಪ್ಪನ ಸಕ್ಕರೆ ಕಾಯಿಲೆಯನ್ನು ಮುಚ್ಚಿಟ್ಟದ್ದು ಸರಕಾರವೇ? ‘ನನಗೆ ಬಾರ್ಡರ್‌ನಲ್ಲಿದೆ’ ಎನ್ನುತ್ತ ವರ್ಷಗಟ್ಟಲೆ ರಕ್ತಪರೀಕ್ಷೆಯನ್ನೇ ಮಾಡಿಸದವರು ಯಾರು? ರಾಜ್ಯೋತ್ಸವದ ಊಟದಲ್ಲಿ, ಬೇಡವೆಂದು ಕೈ ಅಡ್ಡ ಹಿಡಿದ ರಾಯರ ಎಲೆಗೆ ‘ಒಂದು ಹೋಳಿಗೆಗೆ ಏನಾಗದು’ ಎಂದು ಬಡಿಸುವವರು ನಾವೇ ಅಲ್ಲವೇ? ಇದನ್ನು ಉಪಚಾರವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಕೋವಿಡ್‌ನ ಅಬ್ಬರ ಇಳಿಯಿತು, ಈ ರೋಗ ಹೋಗಿಲ್ಲ. ಸಕ್ಕರೆ ಕಾಯಿಲೆಯವರಿಗೆ ಮುಖದ ಒಂದೇ ಬದಿಗೆ ನೋವು ಅಥವಾ ಜೋಮು, ಕಟ್ಟಿದ ಮೂಗಿನಿಂದ ಕಪ್ಪು ಇಲ್ಲವೆ ರಕ್ತ ಬೆರೆತ ಸಿಂಬಳ, ಸಡಿಲವಾದ ಹಲ್ಲು, ಊದಿದ ರೆಪ್ಪೆ, ಒಂದು ವಸ್ತು ಎರಡಾಗಿ ಕಾಣುವುದು - ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಕಿವಿ-ಮೂಗು-ಗಂಟಲಿನ ವೈದ್ಯರ ಬಳಿಗೆ ಹೋಗಬೇಕು. ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮಿದುಳಿಗೆ ಏರಲು ಅದಕ್ಕೆ ಕೆಲವೇ ದಿನ ಸಾಕು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ.

ಸಂಘದ ಪದಾಧಿಕಾರಿಗಳಲ್ಲಿ ನನ್ನದೊಂದೇ ಬೇಡಿಕೆ. ಬರುವ ರಾಜ್ಯೋತ್ಸವದಂದು ಹಾರ-ತುರಾಯಿಗಳ ಖರ್ಚಿನಲ್ಲಿ ಸ್ವಲ್ಪ ಉಳಿಸಿ, ಸಭಾಂಗಣದ ಬಾಗಿಲಲ್ಲೇ ರಕ್ತದ ಸಕ್ಕರೆ ಪರೀಕ್ಷೆಯ ಮೇಜು ಹಾಕಿಸಿ. ಮೊದಲ ಬೆರಳನ್ನು ನಾನೇ ಚಾಚುತ್ತೇನೆ. ಎರಡನೆಯದು ಅಧ್ಯಕ್ಷರದಾಗಲಿ.